ಹಸಿರು ಮೇಜಿನ ಮೇಲಣ ಸಾಹಸ ಮತ್ತು ಸಂಯಮ

ಪಾಕೆಟ್ಟಿನ ಕಡೆಗೆ ಹೊಡೆಯಬಹುದಾದ ಕೆಂಪು ಚೆಂಡೊಂದು ಕಣ್ಣೆದುರಿಗಿದ್ದರೂ, ಅದನ್ನು ಬಿಳಿಯ ಚೆಂಡಿನಿಂದ ಮೆಲ್ಲನೆ ಸೋಕಿಸಿ, ಬಿಳಿಯದನ್ನು ಮೇಜಿನ ಆಚೆಯ ತುದಿಗೆ ಮರಳಿಸುವ ಸ್ನೂಕರ್ ಆಟಗಾರನನ್ನು ಹೊಸ ಪ್ರೇಕ್ಷಕರು ಪುಕ್ಕಲನೆಂದು ಭಾವಿಸುವುದುಂಟು. ಆದರೆ ಈ ಆಟದಲ್ಲಿ ಗುರಿ ತಪ್ಪಿದವನು ಕುರ್ಚಿಗೆ ಹಿಂದಿರುಗಿ ಸುಮ್ಮನೆ ಕುಳಿತಿರಬೇಕಾಗುತ್ತದೆ. ಎದುರಾಳಿಯಾದರೋ ಒಂದೇ ಸರದಿಯಲ್ಲಿ 147 ಅಂಕಗಳವರೆಗೂ ಗಳಿಸಬಲ್ಲನು. ಮೇಲಾಗಿ, ಬಿಳಿಯ ಚೆಂಡು ಬೇರೊಂದು ಚೆಂಡಿನ ಮರೆಯಲ್ಲಿ ನಿಂತಿತೆಂದರೆ ಎದುರಾಳಿಗೆ ನೇರವಾದ ಹಾದಿಯೇ ಇರದು. ಕುಶನ್ನಿಗೆ ಬಡಿದು ಬಳಸಿ ಬರಬೇಕು, ತಾಕದಿದ್ದರೆ ಕನಿಷ್ಠ 4 ಅಂಕಗಳ ದಂಡ ತೆರಬೇಕು. ಇಂಥ ಹೊಡೆತವನ್ನು ರಕ್ಷಣೆಯೆಂದು ಮಾತ್ರ ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗೆಂದು ಸಾಹಸವು ಸರ್ವಥಾ ತ್ಯಾಜ್ಯವೂ ಅಲ್ಲ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಕ್ರೂಸಿಬಲ್ ರಂಗಮಂದಿರದಲ್ಲಿ ನಡೆದ 1985ರ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದಲ್ಲಿ, ಮೊದಲ 8 ಫ್ರೇಮುಗಳನ್ನೂ ಸ್ಟೀವ್ ಡೇವಿಸ್‌ಗೆ ಒಪ್ಪಿಸಿದ್ದ ಡೆನಿಸ್ ಟೇಲರ್, ಒಮ್ಮೆಯೂ ಮುಂದೆ ಹೋಗದೆಯೇ 17-17ಕ್ಕೆ ಬಂದು ತಲುಪಿದನು. ನಡುರಾತ್ರಿ ಕಳೆದರೂ ಬ್ರಿಟನ್ನಿನ ಸುಮಾರು 1.85 ಕೋಟಿ ಜನರು ದೂರದರ್ಶನದ ಮುಂದೆ ಎಚ್ಚರವಾಗಿಯೇ ಇದ್ದರು. ಕೊನೆಯ ಫ್ರೇಮಿನಲ್ಲಿ ಡೇವಿಸ್ 62, ಟೇಲರ್ 59. ಮೇಜಿನ ಮೇಲೆ ಉಳಿದದ್ದು 7 ಅಂಕದ ಕಪ್ಪು ಚೆಂಡೊಂದೇ. ಅದನ್ನು ಪಾಕೆಟ್ಟಿಗೆ ಇಳಿಸಿದವನೇ ಜಗಜ್ಜೇತ. ಟೇಲರ್ ಆ ಕಪ್ಪನ್ನು ಕುಶನ್ನಿಗೆ ಬಡಿಸಿ ನಡುವಣ ಪಾಕೆಟ್ಟಿಗೆ ಇಳಿಸಲೆಳಸಿದನು. ಅದು ಇಳಿಯಲಿಲ್ಲ, ಆದರೆ ಎದುರಾಳಿಗೆ ಸುಲಭವಾಗಿಯೂ ನಿಲ್ಲಲಿಲ್ಲ. ಹೊಡೆತವು ಫಲಿಸದಿದ್ದಲ್ಲಿ ಚೆಂಡುಗಳು ಎಲ್ಲಿ ನಿಲ್ಲುವುವೆಂಬುದನ್ನು ಮೊದಲೇ ಎಣಿಸಿಕೊಂಡು ಹೊಡೆಯುವವನ ಸಾಹಸವನ್ನೇ ನಾನು ಸಾಹಸವೆಂದು ಗಣಿಸುತ್ತೇನೆ. ಮತ್ತೆ ಕೆಲವು ಹೊಡೆತಗಳಾದ ಮೇಲೆ, ಸುರಕ್ಷಿತವಾದ ಆಟಕ್ಕೆ ಹೆಸರಾದ ಡೇವಿಸ್‌ಗೇ ಪಾಕೆಟ್ಟಿನ ಕಡೆಗೆ ತೆಳುವಾಗಿ ಕತ್ತರಿಸಬೇಕಾದ ಅವಕಾಶವೊಂದು ಒದಗಿತು. ಅಗತ್ಯಕ್ಕಿಂತ ಕೊಂಚ ಹೆಚ್ಚೇ ತೆಳುವಾಗಿ ತಾಕಿದ್ದರಿಂದ ಕಪ್ಪು ಇಳಿಯಲಿಲ್ಲ, ಟೇಲರ್ ಅದನ್ನು ಇಳಿಸಿ 18-17ರಿಂದ ಗೆದ್ದನು.

ಬಿಲಿಯರ್ಡ್ಸಿನಲ್ಲಿಯಾದರೋ ಸಾಹಸ-ಸಂಯಮಗಳ ಈ ಲೆಕ್ಕವು ಪಂದ್ಯದ ಸ್ವರೂಪದೊಡನೆಯೇ ಬದಲಾಗುತ್ತದೆ. ಮೊದಲು 150 ಅಂಕ ತಲುಪಿದವನಿಗೇ ಫ್ರೇಮ್ ಎಂಬ ಕ್ರಮದಲ್ಲಿ ಒಂದು ತಪ್ಪಿಗೇ ಫ್ರೇಮ್ ಕೈಬಿಟ್ಟು ಹೋಗಬಹುದು; ಗಂಟೆಗಳ ಕಾಲ ನಡೆಯುವ ಸಮಯಬದ್ಧ ಪಂದ್ಯದಲ್ಲಾದರೆ, ಕಳೆದುಕೊಂಡುದನ್ನು ಒಂದೇ ಸರದಿಯ ದೀರ್ಘವಾದ ಬ್ರೇಕ್ ಒಂದರಿಂದ ಮರಳಿ ಪಡೆಯಲು ಅವಕಾಶವುಂಟು. ಬೆಂಗಳೂರಿನ ಪಂಕಜ್ ಆಡ್ವಾಣಿಯವರು 2005ರಲ್ಲಿ ಮಾಲ್ಟಾದಲ್ಲಿಯೂ 2008ರಲ್ಲಿ ಬೆಂಗಳೂರಿನಲ್ಲಿಯೂ ಈ ಎರಡೂ ಕ್ರಮಗಳ ವಿಶ್ವಪ್ರಶಸ್ತಿಗಳನ್ನು ಒಟ್ಟಿಗೆ ಗೆದ್ದುದು, ಇಷ್ಟು ಭಿನ್ನವಾದ ಎರಡು ಎಣಿಕೆಗಳನ್ನು ಕೆಲವೇ ದಿನಗಳ ಅಂತರದಲ್ಲಿ ಕೈವಶ ಮಾಡಿಕೊಂಡ ಸಿದ್ಧಿಯೆಂಬ ಕಾರಣದಿಂದಲೇ ನನಗೆ ಅತ್ಯಂತ ಹಿರಿದಾಗಿ ಕಾಣುತ್ತದೆ.