ದೂರ ಶಿಕ್ಷಣ: ಪಾಠ ಬರುವ ದಾರಿ ಯಾವುದು?

ನೌಕರಿಯಲ್ಲಿದ್ದುಕೊಂಡೇ ಓದಬಯಸುವ ನಮ್ಮ ಮಕ್ಕಳು ದೂರ ಶಿಕ್ಷಣಕ್ಕೆ ಸೇರುವಾಗ ವಿಶ್ವವಿದ್ಯಾಲಯದ ಹೆಸರನ್ನಷ್ಟೇ ನೋಡುತ್ತಾರೆ. ಪಾಠ ಯಾವ ಮಾರ್ಗದಿಂದ ಬರುತ್ತದೆಂದು ವಿಚಾರಿಸುವುದಿಲ್ಲ. ಅರ್ಧಕ್ಕೇ ಕೈಬಿಡುವವರನ್ನು ಕಂಡಾಗಲೆಲ್ಲ ನಮಗೆ ಇದೇ ನೆನಪಾಗುತ್ತದೆ.

2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಹಾರಿಸಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಆ ಯೋಜನೆಯ ಪ್ರಾಯೋಗಿಕ ಹಂತದಲ್ಲೇ ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಪಾಲ್ಗೊಂಡಿತ್ತೆಂಬುದು ನಮಗೆ ಹೆಮ್ಮೆ. ದೂರದ ಕೇಂದ್ರದಲ್ಲಿ ಕುಳಿತ ವಿದ್ಯಾರ್ಥಿ ಅಧ್ಯಾಪಕರನ್ನು ಆಗಲೇ ಪ್ರಶ್ನಿಸಬಹುದಿತ್ತು. ಆದರೆ ನಿಗದಿತ ವೇಳೆಗೆ ಅಲ್ಲಿರಲೇಬೇಕಿತ್ತು. 2010ರಲ್ಲಿ ಅದರ ಸೇವೆ ಮುಗಿಯಿತು.

2017ರಲ್ಲಿ ಉದ್ಘಾಟನೆಯಾದ ಸ್ವಯಂಪ್ರಭಾ ಡಿಟಿಎಚ್ ವಾಹಿನಿಗಳ ಏರ್ಪಾಡು ಬೇರೆ: ದಿನಕ್ಕೆ ನಾಲ್ಕು ಗಂಟೆಯ ಹೊಸ ಪಾಠ, ಐದು ಸಲ ಮರುಪ್ರಸಾರ. ಅಂತರ್ಜಾಲ ಬೇಕಿಲ್ಲ, ಪ್ರಶ್ನೆ ಕೇಳುವುದು ಮಾತ್ರ ಕಷ್ಟ. ಅದೇ ವರ್ಷ ಉದ್ಘಾಟನೆಗೊಂಡ ಸ್ವಯಂ ಜಾಲತಾಣದಲ್ಲಿ ಪಾಠವನ್ನು ಬೇಕಾದಲ್ಲಿ ನಿಲ್ಲಿಸಿ ಮತ್ತೆ ನೋಡಬಹುದು, ಸಂದೇಹವನ್ನು ಬರೆದು ಕೇಳಬಹುದು. ನಾಳೆ ನೋಡಿದರಾಯಿತೆಂದು ಮುಂದೂಡುವುದೂ ಅಷ್ಟೇ ಸುಲಭ!

ಆದ್ದರಿಂದ 1985ರಲ್ಲಿ ಸ್ಥಾಪನೆಯಾದ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯ ನೆಚ್ಚಿಕೊಂಡ ಮುದ್ರಿತ ಪಾಠ ಮತ್ತು ಅಧ್ಯಯನ ಕೇಂದ್ರದ ಭೇಟಿಯನ್ನು ಹಳತೆಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಪರದೆಯ ಪಾಠದೊಡನೆ ಇವೂ ಸೇರಿದ ಕೋರ್ಸನ್ನೇ ನಾವು ಮೊದಲು ಆರಿಸುತ್ತೇವೆ. ಶುಲ್ಕ ಕಟ್ಟುವ ಮುನ್ನ ಸಂಪರ್ಕ ತರಗತಿಗಳೆಷ್ಟು, ಕೇಂದ್ರ ಮನೆಯಿಂದ ಎಷ್ಟು ದೂರ ಎಂಬುದನ್ನು ಕೇಳಿ ತಿಳಿಯಿರಿ.