ಎನ್95 ಮಾಸ್ಕನ್ನು ತೊಳೆಯಬಾರದೇಕೆ?

ಕೋವಿಡ್ ಕಾಲದಲ್ಲಿ ಎನ್95 ಮಾಸ್ಕನ್ನು ಸೋಪಿನ ನೀರಲ್ಲಿ ಅದ್ದಿ, ಹಿಂಡಿ, ತಂತಿಗೆ ಒಣಹಾಕಿದ ಮನೆಗಳು ಎಷ್ಟೋ. ಒಣಗಿದ ಮೇಲೆ ನೋಡುವುದಕ್ಕೆ ಅದು ಹೊಸದರಂತೆಯೇ ಇರುತ್ತಿತ್ತು. ಹರಿದಿಲ್ಲ, ತೂತು ಬಿದ್ದಿಲ್ಲ. ಆದರೂ ಅದರ ಶಕ್ತಿಯ ದೊಡ್ಡ ಪಾಲು ಸೋಪಿನ ಜೊತೆಗೇ ಹೋಗಿರುತ್ತಿತ್ತು.

ಮಾಸ್ಕನ್ನು ಕತ್ತರಿಸಿ ನೋಡಿದರೆ ಹಲವು ಪದರಗಳು ಕಾಣುತ್ತವೆ. ಹೊರಗಿನವು ಆಕಾರ ಹಿಡಿದಿಡಲು. ನಡುವಿನ ಮೆತ್ತನೆಯ ಬಿಳಿ ಹಾಳೆಯೇ ಅಸಲಿ ಫಿಲ್ಟರು, ಹೆಸರು ಮೆಲ್ಟ್‌ಬ್ಲೋನ್. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ ಸಣ್ಣ ರಂಧ್ರಗಳ ಸಾಲಿನಿಂದ ಹೊರಗೆ ದೂಡುತ್ತಾರೆ. ರಭಸದಿಂದ ಬೀಸುವ ಬಿಸಿಗಾಳಿ ಅದನ್ನು ಎಳೆಎಳೆಯಾಗಿ ಜಗ್ಗುತ್ತದೆ. ನೇಯುವುದೂ ಇಲ್ಲ, ಹೆಣೆಯುವುದೂ ಇಲ್ಲ. ಎಳೆಗಳು ಅಡ್ಡಾದಿಡ್ಡಿ ಬಿದ್ದು ತಾವೇ ಅಂಟಿಕೊಳ್ಳುತ್ತವೆ. ಒಂದೊಂದರ ದಪ್ಪ ಸುಮಾರು 1ರಿಂದ 5 ಮೈಕ್ರಾನ್. ತಲೆಗೂದಲಿನದು 50ಕ್ಕೂ ಮೇಲೆ. 1950ರ ದಶಕದಲ್ಲಿ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ವ್ಯಾನ್ ವೆಂಟೆ ಇಂಥ ಎಳೆ ತೆಗೆಯುವ ಯಂತ್ರ ಕಟ್ಟಿದಾಗ ಮಾಸ್ಕಿನ ಯೋಚನೆ ಇರಲಿಲ್ಲ. ಅಣುಬಾಂಬ್ ಪರೀಕ್ಷೆಗಳಿಂದ ವಾಯುಮಂಡಲಕ್ಕೆ ಸೇರಿದ ವಿಕಿರಣಶೀಲ ಕಣಗಳನ್ನು ಹಿಡಿಯುವುದು ಆಗಿನ ಉದ್ದೇಶ.

ಈ ಎಳೆಗಳ ನಡುವಿನ ಸಂದು ವೈರಸ್ಸಿಗಿಂತ ಎಷ್ಟೋ ಪಟ್ಟು ದೊಡ್ಡದು. ಹಾಗಾದರೆ ಅದು ನುಸುಳಿ ಹೋಗದೇ ಎಂದು ವಾಟ್ಸ್‌ಆ್ಯಪ್ ಪಂಡಿತರು ಆಗ ಕೇಳುತ್ತಿದ್ದರು. ಜರಡಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗಾಳಿ ಎಳೆಯನ್ನು ಬಳಸಿಕೊಂಡು ಸಾಗುವಾಗ ದೊಡ್ಡ ಕಣ ಅದರ ಜೊತೆ ತಿರುಗಲಾರದೆ ನೇರ ಹೋಗಿ ಬಡಿಯುತ್ತದೆ. ತೀರ ಸಣ್ಣ ಕಣವನ್ನು ಗಾಳಿಯ ಅಣುಗಳು ಅತ್ತಿತ್ತ ನೂಕುವುದರಿಂದ ಅದು ತೂರಾಡುತ್ತ ಯಾವುದಾದರೊಂದು ಎಳೆಗೆ ತಾಗುತ್ತದೆ, ತಾಗಿದ್ದು ಅಲ್ಲೇ ಅಂಟುತ್ತದೆ. ಕಷ್ಟವೆಲ್ಲ ಸುಮಾರು 0.3 ಮೈಕ್ರಾನಿನ ನಡುಗಾತ್ರದವುಗಳದು: ಬಡಿಯಲು ಭಾರ ಸಾಲದು, ತೂರಾಡುವಷ್ಟು ಹಗುರವೂ ಅಲ್ಲ. ಏರ್ ಪ್ಯೂರಿಫೈಯರುಗಳಲ್ಲಿ ಬಳಸುವ ಹೆಪಾ ಫಿಲ್ಟರಿನ ಡಬ್ಬದ ಮೇಲೆ ‘0.3 ಮೈಕ್ರಾನಿಗೆ ಶೇ 99.97’ ಎಂದು ಬರೆಯುವುದು ಇದಕ್ಕೇ. ಅದು ಅತಿ ಕಠಿಣ ಪರೀಕ್ಷೆಯ ಅಂಕ.

ಇನ್ನೂ ಹೆಚ್ಚು ಹಿಡಿಯಬೇಕೆಂದರೆ ಪದರವನ್ನು ದಪ್ಪ ಮಾಡಬಹುದು. ಆದರೆ ಉಸಿರಾಡುವುದು ಹೇಗೆ? ಫಿಲ್ಟರು ತಯಾರಿಸುವವರ ತಲೆನೋವೆಲ್ಲ ಇದೇ. ಅದಕ್ಕೆ ಸಿಕ್ಕ ಒಳ್ಳೆಯ ಪರಿಹಾರ ವಿದ್ಯುತ್ತು. ಟೆನೆಸ್ಸಿ ವಿಶ್ವವಿದ್ಯಾಲಯದ ಪೀಟರ್ ಸಾಯ್ ಮತ್ತು ಜೊತೆಗಾರರು ಹಾಳೆಯನ್ನು ಬಲವಾದ ವಿದ್ಯುತ್ ಕ್ಷೇತ್ರದಲ್ಲಿ ಹಾಯಿಸಿ ಆವೇಶ ತುಂಬುವ ವಿಧಾನವೊಂದನ್ನು ರೂಪಿಸಿ 1995ರಲ್ಲಿ ಪೇಟೆಂಟ್ ಪಡೆದರು. ಪಾಲಿಪ್ರೊಪಿಲೀನಿನಲ್ಲಿ ವಿದ್ಯುತ್ ಹರಿಯದು, ಆದ್ದರಿಂದ ಆವೇಶ ವರ್ಷಗಟ್ಟಲೆ ನಿಲ್ಲುತ್ತದೆ. ಪಕ್ಕದಲ್ಲಿ ಹಾಯುವ ಕಣವನ್ನು ಎಳೆದುಕೊಳ್ಳುತ್ತದೆ. ಉಸಿರಿಗೆ ತಡೆ ಹೆಚ್ಚುವುದಿಲ್ಲ, ಹಿಡಿತ ಮಾತ್ರ ಹಲವು ಪಟ್ಟು ಹೆಚ್ಚುತ್ತದೆ. ಸೋಪು, ಸ್ಯಾನಿಟೈಸರಿನ ಆಲ್ಕೊಹಾಲ್ ಅಳಿಸಿಹಾಕುವುದು ಈ ಆವೇಶವನ್ನೇ. ಉಳಿಯುವುದು ಬರೀ ಎಳೆಗಳು.

ಆವೇಶದ ಹಂಗಿಲ್ಲದೆ ಹಿಡಿಯಬೇಕೆಂದರೆ ಎಳೆಯೇ ಇನ್ನೂ ಸಣ್ಣದಾಗಬೇಕು. ಪಾಲಿಮರ್ ದ್ರಾವಣವನ್ನು ಸೂಜಿಯ ತುದಿಗೆ ತಂದು ಸಾವಿರಾರು ವೋಲ್ಟ್ ಕೊಟ್ಟರೆ ಹನಿ ಚಿಮ್ಮಿ ನೂರಿನ್ನೂರು ನ್ಯಾನೊಮೀಟರಿನ ಎಳೆಯಾಗುತ್ತದೆ. ಗಾಳಿಯ ಒಂದು ಅಣು ಇನ್ನೊಂದಕ್ಕೆ ಡಿಕ್ಕಿಯಾಗುವ ಮುನ್ನ ಸಾಗುವ ದೂರ ಸರಾಸರಿ 65 ನ್ಯಾನೊಮೀಟರ್. ಎಳೆ ಆ ಅಳತೆಯ ಸಮೀಪಕ್ಕೆ ಬಂದಾಗ ಗಾಳಿ ಅದರ ಮೈಗೆ ತಡೆಯದೆ ಜಾರಿ ಹೋಗುತ್ತದೆ. ಹಿಡಿತ ಹೆಚ್ಚಿದರೂ ಆ ಪ್ರಮಾಣದಲ್ಲಿ ಉಸಿರು ಕಟ್ಟುವುದಿಲ್ಲ. ಜಾಹೀರಾತುಗಳು ಹೇಳುವಂತೆ ಇದು ನಿನ್ನೆ ಮೊನ್ನೆಯದಲ್ಲ. ಸೋವಿಯತ್ ಒಕ್ಕೂಟದಲ್ಲಿ ಪೆಟ್ರ್ಯಾನೊವ್ ಮತ್ತು ಸಂಗಡಿಗರು 1930ರ ದಶಕದ ಕೊನೆಗೇ ಈ ವಿಧಾನದಿಂದ ಫಿಲ್ಟರು ಮಾಡಿದ್ದರು. ಚೆರ್ನೋಬಿಲ್‌ನಲ್ಲಿ ಕೆಲಸಗಾರರು ತೊಟ್ಟ ‘ಲೆಪೆಸ್ತೊಕ್’ ಮಾಸ್ಕಿನಲ್ಲಿದ್ದದ್ದು ಅದೇ ಬಟ್ಟೆ. ತಯಾರಿಕೆ ನಿಧಾನ, ಪದರ ನಾಜೂಕು. ಹಾಗಾಗಿ ಗಟ್ಟಿ ಬಟ್ಟೆಯೊಂದರ ಮೇಲೆ ತೆಳುವಾಗಿ ಲೇಪಿಸುವುದೇ ರೂಢಿ.

ಹಿಡಿದ ಸೂಕ್ಷ್ಮಾಣುಗಳು ಫಿಲ್ಟರಿನಲ್ಲೇ ಬೆಳೆದರೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂರ್ಯಸಾರಥಿ ಬೋಸ್ ಮತ್ತು ಕೌಶಿಕ್ ಚಟರ್ಜಿ ಅವರ ತಂಡ ಗ್ರೀನ್ ಟೀಯಲ್ಲೂ ಇರುವ ಪಾಲಿಫಿನಾಲ್‌ಗಳನ್ನು ಬಳಸಿ, ಸಿಕ್ಕಿಬಿದ್ದ ಸೂಕ್ಷ್ಮಾಣುಗಳನ್ನು ನಿಷ್ಕ್ರಿಯಗೊಳಿಸುವ ಫಿಲ್ಟರು ರೂಪಿಸಿದೆ. ಮನೆಬಳಕೆಗೆ ಮಾತ್ರ, ನನ್ನ ಮಟ್ಟಿಗೆ, ಇಂಥ ವಿಶೇಷಗಳಿಗಿಂತ ಗಾಳಿ ಸೋರದಿರುವುದು ಮುಖ್ಯ. ಮೂಗಿನ ಪಕ್ಕ ಸಂದು ಬಿಟ್ಟರೆ ಎಂಥ ಎಳೆಯೂ ವ್ಯರ್ಥ.

ಏರ್ ಪ್ಯೂರಿಫೈಯರ್ ಕೊಳ್ಳುವವರು ಶೇಕಡಾ ಅಂಕಕ್ಕಿಂತ ಮೊದಲು ಸಿಎಡಿಆರ್ ನೋಡಲಿ. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಲೆಕ್ಕ ಅದು. 10×12 ಅಡಿಯ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿಯಿರುತ್ತದೆ. ಗಂಟೆಗೆ ಐದು ಸಲ ಸೋಸಬೇಕಾದರೆ 170 ಬೇಕು. ಬದಲಿ ಫಿಲ್ಟರಿನ ಬೆಲೆಯನ್ನೂ ಅಂಗಡಿಯಲ್ಲೇ ಕೇಳಿಕೊಳ್ಳಿ.