ಪಿಟ್ಟಾ ರೊಟ್ಟಿಯ ಮೇಲೆ ಪುಟಾಣಿ ಪಿಜ್ಜಾ



ರಾತ್ರಿ ಎಂಟು ಗಂಟೆಗೆ ಮನೆಯಿಂದ ಫೋನ್ ಬರುತ್ತದೆ. ಅಮ್ಮನ ಮೊದಲ ಮಾತು ಏನೆಂದು ನಿಮಗೆ ಗೊತ್ತೇ ಇದೆ: "ಊಟ ಆಯ್ತಾ?" ನೀವು ಹ್ಯಾರೋದ ಮನೆಯನ್ನೋ ಕ್ರಾಯ್ಡನ್ನಿನ ಮನೆಯನ್ನೋ ಬಿಟ್ಟು ಬಂದು, ಯೂನಿವರ್ಸಿಟಿಯ ಹಾಲ್ಸ್‌ನಲ್ಲೋ ನಾಲ್ವರು ಸೇರಿ ಬಾಡಿಗೆಗೆ ಹಿಡಿದ ಮನೆಯಲ್ಲೋ ಇದ್ದೀರಿ. ಟ್ಯೂಬಿನಲ್ಲಿ ನಿಂತು ಬಂದ ಕಾಲು ಇನ್ನೂ ನೋಯುತ್ತಿದೆ. "ಹೂಂ ಅಮ್ಮ, ಆಯ್ತು" ಅನ್ನುತ್ತೀರಿ. ಆಗಿರುವುದಿಲ್ಲ. ಫೋನ್ ಇಟ್ಟ ಕೂಡಲೇ ಟೇಕ್‌ಅವೇ ಆಪ್ ತೆರೆಯುತ್ತೀರಿ, ಮುಕ್ಕಾಲು ಗಂಟೆ ಕಾಯುತ್ತೀರಿ, ಬರುವಷ್ಟರಲ್ಲಿ ಅದು ಆರಿಹೋಗಿರುತ್ತದೆ.

ಇವತ್ತು ನಾನು ಹೇಳಹೊರಟಿರುವುದು ಹತ್ತು ಹದಿನೈದು ನಿಮಿಷದಲ್ಲಿ ಆಗುವ ಒಂದು ತಿಂಡಿಯ ವಿಷಯ, ಪಿಟ್ಟಾ ಬ್ರೆಡ್ಡಿನ ಮೇಲೆ ಮಾಡುವ ಪುಟ್ಟ ಪಿಜ್ಜಾ. ಮಾಡುವುದು ಸುಲಭ, ಕೆಡಿಸುವುದೂ ಅಷ್ಟೇ ಸುಲಭ. ನಾನು ಮೊದಲ ಸಲ ಮಾಡಿದಾಗ ಮೇಲೆ ಚೀಸ್ ಚೆನ್ನಾಗಿ ಕರಗಿತ್ತು, ಕೆಳಗೆ ರೊಟ್ಟಿ ಮಳೆಯಲ್ಲಿ ನೆನೆದ ರಟ್ಟಿನಂತಾಗಿತ್ತು. ಯಾಕೆ ಹಾಗಾಯಿತೆಂದು ತಿಳಿದ ಮೇಲೆ ಮತ್ತೆ ಕೆಡಲಿಲ್ಲ. ಆದ್ದರಿಂದ ಆ ಕಾರಣವನ್ನೇ ಮೊದಲು ಹೇಳುತ್ತೇನೆ.

ಪಿಟ್ಟಾ ಯಾಕೆ?

ಇಟಲಿಯ ನೇಪಲ್ಸಿನ ಪಿಜ್ಜಾ ಮಾಡುವವರ ಕಲೆಯನ್ನು ಯುನೆಸ್ಕೋ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಅಲ್ಲಿ ಹಿಟ್ಟು ಗಂಟೆಗಟ್ಟಲೆ ಹುದುಗಬೇಕು. ಆಮೇಲೆ ಸೌದೆ ಒಲೆಯೊಳಗೆ, 430 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಕಾವಿನಲ್ಲಿ, ಒಂದು ಒಂದೂವರೆ ನಿಮಿಷಕ್ಕೆ ಪಿಜ್ಜಾ ಬೆಂದುಬಿಡುತ್ತದೆ. ನಮ್ಮ ಅಡುಗೆಮನೆಯ ಓವನ್ ಎಷ್ಟು ತಿರುಗಿಸಿದರೂ 250 ಡಿಗ್ರಿಯ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಅಷ್ಟು ಕಡಿಮೆ ಕಾವಿನಲ್ಲಿ ಹಸಿ ಹಿಟ್ಟು ಬೇಯಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಮೇಲಿನದೆಲ್ಲ ಒಣಗಿಹೋಗುತ್ತದೆ.

ಪಿಟ್ಟಾ ಈ ಕಷ್ಟವನ್ನೇ ತಪ್ಪಿಸುತ್ತದೆ, ಏಕೆಂದರೆ ಅದು ಆಗಲೇ ಬೆಂದ ರೊಟ್ಟಿ. ಬೇಕರಿಯ ಬಿಸಿಗೆ ಒಳಗಿನ ನೀರು ಆವಿಯಾಗಿ, ಕೆಂಡದ ಮೇಲಿಟ್ಟ ಫುಲ್ಕದ ಹಾಗೆ ಅದು ಉಬ್ಬುತ್ತದೆ. ಆರಿದ ಮೇಲೆ ಎರಡು ಪದರ, ನಡುವೆ ಒಂದು ಜೇಬು ಉಳಿಯುತ್ತದೆ. ಇನ್ನು ನಿಮಗೆ ಉಳಿದ ಕೆಲಸ ಎರಡೇ: ತಳ ಗರಿಗರಿ ಮಾಡುವುದು, ಮೇಲಿನ ಚೀಸ್ ಕರಗಿಸುವುದು.

ರೊಟ್ಟಿಯ ಮೇಲೆ ಏನಾದರೂ ಹರಡಿ ಸುಡುವುದು ಇಟಲಿಯವರೊಬ್ಬರ ಸೊತ್ತಲ್ಲ. ಎಡ್ಜ್‌ವೇರ್ ರೋಡಿನಲ್ಲಿ ಅರಬ್ಬರ ಅಂಗಡಿಗಳಿಗೆ ಹೋದರೆ ಎಣ್ಣೆ, ಜಾತರ್ ಹಚ್ಚಿ ಸುಟ್ಟ ಮನಾಖೀಶ್ ಸಿಗುತ್ತದೆ. ಹ್ಯಾರಿಂಗೇಯ ಗ್ರೀನ್ ಲೇನ್ಸಿನಲ್ಲಿ ಟರ್ಕಿಯವರ ತೆಳ್ಳನೆಯ ಲಹ್ಮಜೂನ್ ಸಿಗುತ್ತದೆ. ನಮ್ಮ ಈರುಳ್ಳಿ ಉತ್ತಪ್ಪವೂ ಅದೇ ಕುಟುಂಬದ ದೂರದ ನೆಂಟ. ಆದರೆ ಒಂದು ವ್ಯತ್ಯಾಸವಿದೆ. ಉತ್ತಪ್ಪದಲ್ಲಿ ಹಿಟ್ಟು ಹಸಿಯಿರುವಾಗಲೇ ಈರುಳ್ಳಿ ಒತ್ತುತ್ತೇವೆ, ಅದು ಅಂಟಿಕೊಳ್ಳುತ್ತದೆ. ಬೆಂದ ಪಿಟ್ಟಾಗೆ ಏನೂ ಅಂಟುವುದಿಲ್ಲ. ಇಲ್ಲಿ ಗೋಂದಿನ ಕೆಲಸ ಮಾಡುವುದು ಚೀಸ್. ಹಾಗಾಗಿ ಮೊದಲು ಸ್ವಲ್ಪ ಚೀಸ್, ಅದರ ಮೇಲೆ ತರಕಾರಿ, ಕೊನೆಗೆ ಇನ್ನೊಂದು ಚಿಟಿಕೆ ಚೀಸ್. ಕಚ್ಚಿದಾಗ ತರಕಾರಿ ಉದುರುವುದಿಲ್ಲ.

ಕೆಡಿಸುವುದು ನೀರು

ಪಿಟ್ಟಾ ತೆಳು, ಒಲೆಯಲ್ಲಿರುವುದು ನಾಲ್ಕೈದು ನಿಮಿಷ ಮಾತ್ರ. ಮೇಲಿಟ್ಟ ಪದಾರ್ಥದಿಂದ ಇಳಿದ ನೀರು ಆರಿಹೋಗಲು ಸಮಯವೇ ಇಲ್ಲ, ಎಲ್ಲವನ್ನೂ ರೊಟ್ಟಿಯೇ ಹೀರಿಕೊಳ್ಳುತ್ತದೆ. ಆದ್ದರಿಂದ ನೀರನ್ನು ಮೊದಲೇ ಹೊರಗಿಡಬೇಕು.

ಸಾಸ್ ಬದಲು ಟೊಮೆಟೊ ಪ್ಯೂರಿ ಬಳಸಿ. ಇಲ್ಲಿನ ಅಂಗಡಿಗಳಲ್ಲಿ ಟ್ಯೂಬಿನಲ್ಲಿ ಸಿಗುವ ಪ್ಯೂರಿ ಅಂದರೆ ಬತ್ತಿಸಿದ ಗಟ್ಟಿ ಟೊಮೆಟೊ. ಬಾಟಲಿಯ ಪಸಾಟಾ ತೆಳ್ಳಗಿರುತ್ತದೆ, ಅದನ್ನೇ ಬಳಸುವುದಾದರೆ ಸಣ್ಣ ಉರಿಯಲ್ಲಿ ಕುದಿಸಿ ಗಟ್ಟಿ ಮಾಡಿಕೊಳ್ಳಿ.

ನೀರಿನಲ್ಲಿ ತೇಲುವ ತಾಜಾ ಮೊಜರೆಲ್ಲಾ ಉಂಡೆ ರುಚಿ ನಿಜ, ಆದರೆ ಕರಗುವಾಗ ತುಂಬಾ ನೀರು ಬಿಡುತ್ತದೆ. ಹರಿದು, ಕಿಚನ್ ಪೇಪರಿನ ಮೇಲೆ ಕಾಲು ಗಂಟೆ ಇಡಬೇಕು. ಅವಸರದ ದಿನ ತುರಿದ ಒಣ ಮೊಜರೆಲ್ಲಾ ಪ್ಯಾಕೆಟ್ಟೇ ವಾಸಿ.

ಅಣಬೆ, ಪಾಲಕ್, ಕುಂಬಳದ ಜಾತಿಯ ಕೂರ್ಜೆಟ್ ಬಿಸಿ ತಗುಲಿದ ಕೂಡಲೇ ನೀರು ಬಿಡುತ್ತವೆ. ಇವನ್ನು ಬಾಣಲೆಯಲ್ಲಿ ಎರಡು ಮೂರು ನಿಮಿಷ ಬಾಡಿಸಿಕೊಂಡು ಹಾಕಿ. ದಪ್ಪ ಮೆಣಸಿನಕಾಯಿ, ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿದರೆ ಹಸಿಯಾಗಿಯೇ ಹಾಕಬಹುದು. ಟೊಮೆಟೊ ಹೋಳುಗಳ ಬೀಜದ ಭಾಗ ತೆಗೆದುಬಿಡಿ, ಅವಕ್ಕೆ ಮೊದಲೇ ಉಪ್ಪು ಹಾಕಬೇಡಿ. ಉಪ್ಪು ನೀರನ್ನು ಎಳೆಯುತ್ತದೆ.

ಮಾಡುವ ಬಗೆ

ಒಬ್ಬರ ಊಟಕ್ಕೆ ಎರಡು ಪಿಟ್ಟಾ ಅಥವಾ ನಾಲ್ಕು ಮಿನಿ ಪಿಟ್ಟಾ, ಎರಡು ಚಮಚ ಟೊಮೆಟೊ ಪ್ಯೂರಿ, 60 ಗ್ರಾಂ ತುರಿದ ಚೀಸ್, ಒಂದು ಹಿಡಿ ತರಕಾರಿ, ಅರ್ಧ ಚಮಚ ಎಣ್ಣೆ, ಒಂದು ಎಸಳು ಬೆಳ್ಳುಳ್ಳಿ ಸಾಕು. ಪ್ಯೂರಿಗೆ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಚಿಟಿಕೆ ಮೆಣಸಿನ ಪುಡಿ ಕಲಸಿಡಿ.

ಗ್ರಿಲ್ ಇದ್ದರೆ ಐದು ನಿಮಿಷ ಮೊದಲೇ ಜೋರಾಗಿ ಹಚ್ಚಿ. ಪಿಟ್ಟಾವನ್ನು ತಳ ಮೇಲಾಗಿಟ್ಟು, ಒಂದೆರಡು ನಿಮಿಷ ಬಣ್ಣ ಬರುವವರೆಗೆ ಬಿಸಿ ಮಾಡಿ. ಈಗ ತಿರುಗಿಸಿ, ಮೆತ್ತಗಿರುವ ಮಗ್ಗುಲಿಗೆ ಪ್ಯೂರಿಯನ್ನು ತೆಳ್ಳಗೆ ಅಂಚಿನವರೆಗೂ ಸವರಿ, ಚೀಸ್, ತರಕಾರಿ, ಮತ್ತೆ ಚೀಸ್ ಹಾಕಿ ಮೂರು ನಾಲ್ಕು ನಿಮಿಷ ಇಡಿ. ಚೀಸ್ ಕುದಿದು ಅಲ್ಲಲ್ಲಿ ಕಂದು ಚುಕ್ಕೆ ಕಾಣಿಸಿದರೆ ಆಯಿತು. ಒಲೆ ಬಿಟ್ಟು ಕದಲಬೇಡಿ. ಗ್ರಿಲ್ ಕೆಳಗೆ ಬೇಕಿಂಗ್ ಪೇಪರ್ ಇಡಬೇಡಿ, ಅದು ಹೊತ್ತಿಕೊಂಡೀತು. ಹಾಲ್ಸ್‌ನಲ್ಲಿ ಹೊಗೆಯ ಅಲಾರಂ ಕೂಗಿ, ಇಡೀ ಕಟ್ಟಡದವರು ಚಳಿಯಲ್ಲಿ ಹೊರಗೆ ನಿಲ್ಲುವುದು ಬೇಡ.

ಗ್ರಿಲ್ ಇಲ್ಲವೇ? ಅಮ್ಮ ಕಟ್ಟಿಕೊಟ್ಟ ದೋಸೆ ತವಾ ಇದ್ದರೆ ಸಾಕು. ನಡು ಉರಿಯಲ್ಲಿ ಪಿಟ್ಟಾದ ಎರಡೂ ಮಗ್ಗುಲನ್ನು ಒಂದೊಂದು ನಿಮಿಷ ಬಿಸಿ ಮಾಡಿ, ಉರಿ ಸಣ್ಣ ಮಾಡಿ, ಎಲ್ಲವನ್ನೂ ಮೇಲೆ ಹರಡಿ, ಸೆಟ್ ದೋಸೆಗೆ ಮುಚ್ಚುವಂತೆ ಮುಚ್ಚಳ ಮುಚ್ಚಿ. ನಾಲ್ಕು ನಿಮಿಷಕ್ಕೆ ಚೀಸ್ ಕರಗುತ್ತದೆ. ಕೊನೆಯ ಒಂದು ನಿಮಿಷ ಮುಚ್ಚಳ ತೆಗೆದು ಆವಿ ಹೋಗಲು ಬಿಡಿ. ಏರ್ ಫ್ರೈಯರ್ ಆದರೆ 180 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ. ಅದರ ಫ್ಯಾನಿನ ಗಾಳಿಗೆ ಚೀಸ್ ಹಾರುತ್ತದೆ, ಹಾಗಾಗಿ ಕೈಯಿಂದ ಒತ್ತಿ ಕೂರಿಸಿ. ಮೈಕ್ರೋವೇವ್ ಮಾತ್ರ ಬೇಡ. ಅದು ರೊಟ್ಟಿಯ ಒಳಗಿನ ನೀರನ್ನು ಬಿಸಿ ಮಾಡುತ್ತದೆಯೇ ಹೊರತು ಮೇಲ್ಮೈಯನ್ನು ಒಣಗಿಸಿ ಗರಿಗರಿ ಮಾಡುವುದಿಲ್ಲ, ಬೇಗನೆ ತೊಗಲಿನಂತಾಗುತ್ತದೆ.

ಉಳಿದ ಪಿಟ್ಟಾವನ್ನು ಫ್ರೀಜರಿನಲ್ಲಿಡಿ. ಹೊರಗಿಟ್ಟರೆ ಎರಡು ದಿನಕ್ಕೆ ಒಣಗುತ್ತದೆ, ಫ್ರೀಜರಿನಿಂದ ತೆಗೆದದ್ದನ್ನು ನೇರವಾಗಿ ಟೋಸ್ಟರಿಗೆ ಹಾಕಬಹುದು.

ಇನ್ನು ಮನೆಯ ರುಚಿ. ನಿನ್ನೆಯ ಬೀನ್ಸ್ ಪಲ್ಯ, ಒಣಗಲು ಮಾಡಿದ ಆಲೂಗಡ್ಡೆ ಪಲ್ಯ ಇವೆಲ್ಲ ಒಳ್ಳೆಯ ಟಾಪಿಂಗ್, ಆಗಲೇ ನೀರು ಆರಿರುತ್ತದಲ್ಲ! ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿಯನ್ನು ಒಲೆಯಿಂದ ತೆಗೆದ ಮೇಲೆ ಉದುರಿಸಿ. ಗ್ರಿಲ್ ಕೆಳಗಿಟ್ಟರೆ ಪುಡಿ ಸೀದು ಕಹಿಯಾಗುತ್ತದೆ.

ಹಗುರ ಅಂದರೆ ಎಷ್ಟು?

ಒಂದು ಪಿಟ್ಟಾ ಸಾಮಾನ್ಯವಾಗಿ ಸುಮಾರು 60 ಗ್ರಾಂ ತೂಗುತ್ತದೆ, ಅದರಲ್ಲಿ ಸುಮಾರು 155 ಕ್ಯಾಲೊರಿ. 30 ಗ್ರಾಂ ಮೊಜರೆಲ್ಲಾಕ್ಕೆ ಸುಮಾರು 90. ಪ್ಯೂರಿ, ತರಕಾರಿ, ಎಣ್ಣೆ ಸೇರಿ 40 ಅನ್ನಿ. ಒಟ್ಟು 300ರ ಒಳಗೇ. ಸಂಜೆಯ ಹಸಿವಿಗೆ ಒಂದು, ಊಟಕ್ಕೆ ಎರಡು ಮತ್ತು ಪಕ್ಕದಲ್ಲಿ ಸೌತೆಕಾಯಿ ಕೋಸಂಬರಿ. ಇಂಗ್ಲೆಂಡಿನಲ್ಲಿ 250 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಹೋಟೆಲು ಕಂಪನಿಗಳು 2022ರ ಏಪ್ರಿಲ್‌ನಿಂದ ಮೆನುವಿನಲ್ಲಿ, ಆಪಿನಲ್ಲಿ ಕ್ಯಾಲೊರಿ ತೋರಿಸಲೇಬೇಕು. ನೀವು ತರಿಸುವ ಪಿಜ್ಜಾದ ಅಂಕಿಯನ್ನು ಒಮ್ಮೆ ನೋಡಿ, ಹೋಲಿಸಿಕೊಳ್ಳಿ.

ಆದರೆ ಪಿಟ್ಟಾ ಅಂದಮಾತ್ರಕ್ಕೆ ಹಗುರವಾಗುವುದಿಲ್ಲ. ಚೀಸ್ ಕೈಗೆ ಬಂದಷ್ಟು ಸುರಿದರೆ ಲೆಕ್ಕ ತಲೆಕೆಳಗು. ಉಪ್ಪನ್ನೂ ನೋಡಿ. ಇಲ್ಲಿ ದೊಡ್ಡವರಿಗೆ ದಿನಕ್ಕೆ 6 ಗ್ರಾಂ ಮೀರಬಾರದೆಂದು ಎನ್‌ಎಚ್‌ಎಸ್ ಹೇಳುತ್ತದೆ. ಪ್ಯಾಕೆಟ್ಟಿನ ಕೆಂಪು, ಹಳದಿ, ಹಸಿರು ಗುರುತಿನಲ್ಲಿ 100 ಗ್ರಾಮಿಗೆ 1.5 ಗ್ರಾಂ ಮೀರಿದರೆ ಉಪ್ಪಿಗೆ ಕೆಂಪು. ಹಲ್ಲೂಮಿ, ಫೆಟಾ ಸಾಮಾನ್ಯವಾಗಿ ಕೆಂಪಿನಲ್ಲೇ ಇರುತ್ತವೆ. ಮೊಜರೆಲ್ಲಾ ಅವಕ್ಕಿಂತ ಮೆದು.

ಯಾರಿಗಾದರೂ ಮಾಡಿಕೊಡುವಾಗ

ಬೇಸಿಗೆಯಲ್ಲಿ ಊರಿನಿಂದ ಅಜ್ಜಿ ಬಂದರು, ಅವರಿಗೂ ಮಾಡಿಕೊಡುವ ಆಸೆ. ಆಗ ಚೀಸ್ ಪ್ಯಾಕೆಟ್ಟಿನ ಮೇಲೆ ಸಸ್ಯಾಹಾರಿಗಳಿಗೆ ಸಲ್ಲುತ್ತದೆ ಎಂಬ ಗುರುತು ನೋಡಿ. ಹಾಲನ್ನು ಒಡೆಸಲು ಬಳಸುವ ರೆನೆಟ್ ಕೆಲವು ಚೀಸ್‌ಗಳಲ್ಲಿ ಕರುವಿನ ಹೊಟ್ಟೆಯಿಂದ ಬಂದದ್ದು. ಅಸಲಿ ಪಾರ್ಮೆಸಾನ್ ಅದಿಲ್ಲದೆ ಆಗುವುದೇ ಇಲ್ಲ. ಅಂಗಡಿಯ ಬಹಳಷ್ಟು ಚೆಡ್ಡರ್, ಮೊಜರೆಲ್ಲಾ ಸಸ್ಯಾಹಾರಿ ರೆನೆಟ್ಟಿನವು. ಅಜ್ಜಿ ನಿಮ್ಮನ್ನು ನಂಬಿ ತಿನ್ನುತ್ತಾರೆ, ಹಾಗಾಗಿ ಓದುವ ಕೆಲಸ ನಿಮ್ಮದು.

ಗೆಳೆಯರಿಗೆ ಕೊಡುವಾಗಲೂ ಹಾಗೆಯೇ. 2016ರಲ್ಲಿ ಲಂಡನ್ನಿನ ಹದಿನೈದು ವರ್ಷದ ಹುಡುಗಿ ನಟಾಶಾ ಎಡ್ನಾನ್-ಲಾಪೆರೂಸ್ ಬ್ರೆಡ್ಡಿನ ಹಿಟ್ಟಿನೊಳಗಿದ್ದ ಎಳ್ಳಿನ ಅಲರ್ಜಿಯಿಂದ ತೀರಿಕೊಂಡಳು. ಲೇಬಲ್ಲಿನಲ್ಲಿ ಎಳ್ಳಿನ ಹೆಸರಿರಲಿಲ್ಲ. ಅಂಗಡಿಯಲ್ಲೇ ಮಾಡಿ ಪ್ಯಾಕ್ ಮಾಡಿಟ್ಟ ತಿನಿಸಿನ ಮೇಲೂ ಎಲ್ಲ ಪದಾರ್ಥಗಳ ಹೆಸರಿರಬೇಕೆಂಬ ನಿಯಮ 2021ರ ಅಕ್ಟೋಬರ್ 1ರಿಂದ ಬಂತು. ಅದನ್ನು ಅವಳ ಹೆಸರಿನಿಂದಲೇ ಕರೆಯುತ್ತಾರೆ. ಇಲ್ಲಿ ತಿಳಿಸಲೇಬೇಕಾದ ಅಲರ್ಜಿ ಪದಾರ್ಥಗಳು 14. ಗೋಧಿ, ಹಾಲು ಪಿಜ್ಜಾದಲ್ಲೇ ಇವೆ. ಶೇಂಗಾ, ಎಳ್ಳು ನಮ್ಮ ಚಟ್ನಿಪುಡಿಯಲ್ಲಿ, ಸಾಸಿವೆ ಪಲ್ಯದ ಒಗ್ಗರಣೆಯಲ್ಲಿ. ಮನೆ ಅಡುಗೆಗೆ ಲೇಬಲ್ ಇರುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ "ನಿನಗೆ ಅಲರ್ಜಿ ಏನಾದರೂ ಇದೆಯಾ?" ಎಂದು ಬಾಯಿಬಿಟ್ಟು ಕೇಳಿ.

ಇಷ್ಟೇ ಗೆಳೆಯರೇ. ನೀರು ಹೊರಗಿಡಿ, ತಳವನ್ನು ಮೊದಲು ಗರಿಗರಿ ಮಾಡಿ, ಚೀಸ್ ಅಳೆದು ಹಾಕಿ. ಮುಂದಿನ ಸಲ ಫೋನ್ ಬಂದಾಗ ಸುಳ್ಳು ಹೇಳಬೇಕಾಗಿಲ್ಲ. "ಹೂಂ ಅಮ್ಮ, ಆಯ್ತು. ಪಿಟ್ಟಾ ಮೇಲೆ ನೀನು ಕೊಟ್ಟ ಶೇಂಗಾ ಚಟ್ನಿಪುಡಿ ಹಾಕ್ಕೊಂಡು ತಿಂದೆ" ಅನ್ನಿ. ಆ ಕಡೆಯಿಂದ ಬರುವ ಎರಡನೆಯ ಪ್ರಶ್ನೆಯೂ ನಿಮಗೆ ಗೊತ್ತಿರಬೇಕು: "ಪುಡಿ ಇನ್ನೂ ಇದೆಯಾ, ಇನ್ನೊಂದು ಡಬ್ಬಿ ಕಳಿಸಲಾ?"

ಮಾಡಿ ನೋಡಿ.